ಸೀಲು ದೊಡ್ಡಪ್ಪನ ಉಲ್ಕೆ ಕಲ್ಲು

ನಮ್ಮ ದೊಡ್ಡಪ್ಪನಿಗೆ ಬೀದಿಯವರು ಇಟ್ಟ ಹೆಸರು ಸೀಲು ದೊಡ್ಡಪ್ಪ. ಜನ ತರುವ ಜೆರಾಕ್ಸ್ ಪ್ರತಿಗಳ ಮೇಲೆ ‘ಮೂಲಕ್ಕೆ ಸರಿಯಿದೆ’ ಎಂದು ಸೀಲು ಗುದ್ದಿ ಸಹಿ ಹಾಕುವುದೇ ಕಚೇರಿಯಲ್ಲಿ ಅವರ ಕೆಲಸವಾಗಿತ್ತು. ಮೂಲ ಪ್ರತಿ ನೋಡುತ್ತಿದ್ದರೇ? ಎಲ್ಲಿಯ ಮಾತು! ಕೈ ಕಾಗದದ ಮೇಲೆ, ಬಾಯಿ ಆಕಾಶದಲ್ಲಿ. ಎದುರಿಗೆ ನಿಂತವರನ್ನು “ಉಲ್ಕೆ ಬೀಳೋದು ನೋಡಿದ್ದೀರಾ? ಎಷ್ಟು ಬಿಸಿ ಇರುತ್ತೆ ಅಂತೀರಿ?” ಎಂದು ಕೇಳುತ್ತಲೇ ಹತ್ತಾರು ಕಾಗದ ಮುಗಿಸುತ್ತಿದ್ದರು. ಮನೆಯಲ್ಲೂ ಅಷ್ಟೇ, ಊಟಕ್ಕೆ ಕೂತಾಗ ಯಾರಾದರೂ ಬಂದರೆ ಎಡಗೈಯಲ್ಲೇ ಸೀಲು. “ಓದಿ ಸಹಿ ಹಾಕಿ ದೊಡ್ಡಪ್ಪ” ಎಂದು ನಾನು ರೇಗಿದರೆ ನಗುತ್ತಿದ್ದರು.

ಅವರು ನಿವೃತ್ತರಾದ ದಿನ ದೊಡ್ಡಮ್ಮ ಒಂದು ಪೆಟ್ಟಿಗೆ ಕೈಗಿಟ್ಟಳು. ಬೀದಿಯವರ ಬಟ್ಟೆ ಹೊಲಿದು ಕೂಡಿಸಿದ್ದರಲ್ಲಿ ಕೊಂಡ ಉಡುಗೊರೆ. ಒಳಗೆ ಮುಷ್ಟಿಗಾತ್ರದ ಕಪ್ಪು ಕಲ್ಲು, ಜೊತೆಗೆ ಕಟ್ಟು ಹಾಕಿಸಿದ ಸರ್ಟಿಫಿಕೇಟು: ಇದು ಅಸಲಿ ಉಲ್ಕೆ. ದೊಡ್ಡಪ್ಪನ ಮುಖ ಇಷ್ಟಗಲ ಆಯಿತು. ಅಂದಿನಿಂದ ಮನೆಗೆ ಬಂದವರು ಕಲ್ಲು ಹಿಡಿದು “ಅಬ್ಬಾ!” ಎನ್ನದೆ ಕಾಫಿ ಸಿಗುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ಮೊನ್ನೆ ಹಳೆ ನಾಣ್ಯ, ಅಂಚೆಚೀಟಿ, ಅಪರೂಪದ ಕಲ್ಲುಗಳ ಪ್ರದರ್ಶನಕ್ಕೆ ನಾನೇ ಅವರನ್ನು ಕರೆದುಕೊಂಡು ಹೋದೆ. ಅಲ್ಲಿ ಉಲ್ಕೆ ಮಾರುತ್ತಿದ್ದ ಹೆಂಗಸು ಗಿರಾಕಿಯೊಬ್ಬನಿಗೆ ಹೇಳುತ್ತಿದ್ದಳು: “ಕಾಗದ ಇದೆ ಅಂತ ಕಣ್ಣು ಮುಚ್ಕೊಂಡು ತಗೋಬೇಡಿ ಸ್ವಾಮಿ. ಕಾಗದ ಯಾರು ಬೇಕಾದ್ರೂ ಅಚ್ಚು ಹಾಕಿಸ್ತಾರೆ. ಬರೆದವರು ಯಾರು, ನಾಳೆ ಹೋಗಿ ಕೇಳಿದ್ರೆ ಜವಾಬು ಕೊಡ್ತಾರಾ, ತೂಕ ಈ ಕಲ್ಲಿಂದೇನಾ, ಫೋಟೋ ಈ ಕಲ್ಲಿಂದೇನಾ ನೋಡಿ. ಯಾರೋ ಒಬ್ಬರು ಕಲ್ಲನ್ನ ನಿಜವಾಗ್ಲೂ ನೋಡಿ ಬರೆದಿದ್ರೆ ಮಾತ್ರ ಅದಕ್ಕೆ ಬೆಲೆ.”

ದೊಡ್ಡಪ್ಪನ ತಲೆಗೆ ಹುಳ ಹೊಕ್ಕಿತು. ಮನೆಗೆ ಬಂದವರೇ ಚಪ್ಪಲಿಯನ್ನೂ ಬಿಡದೆ ಗೋಡೆಯ ಕಟ್ಟು ಇಳಿಸಿದರು.

ಹೊಲಿಗೆ ಯಂತ್ರದ ಸದ್ದು ನಿಂತಿತು. “ರೀ, ಅದನ್ಯಾಕೆ ಇಳಿಸ್ತೀರಿ? ಚೆನ್ನಾಗೇ ಇದೆಯಲ್ಲ!” ಎಂದಳು ದೊಡ್ಡಮ್ಮ. ದನಿ ಸಣ್ಣಗಿತ್ತು. ಕಲ್ಲು ಸುಳ್ಳಾದರೆ ಅವಳ ಉಡುಗೊರೆಯೇ ಮಣ್ಣುಪಾಲು. “ಬಿಡಿ ದೊಡ್ಡಪ್ಪ, ಈಗ ತಿಳ್ಕೊಂಡು ಏನಾಗ್ಬೇಕು?” ಎಂದೆ.

“ಗೊತ್ತಾಗ್ಲೇಬೇಕು ಮರಿ. ಇಲ್ಲಾಂದ್ರೆ ನಿದ್ದೆ ಬರಲ್ಲ ನಂಗೆ.”

ಕಲ್ಲನ್ನು ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ, ಕಾಗದದಲ್ಲಿದ್ದ ತೂಕದ ಒಂದೂವರೆ ಪಟ್ಟು! ಕಟ್ಟಿನ ಮೊಳೆ ಕಿತ್ತು ಕಾಗದ ಹೊರಗೆಳೆದೆವು. ಅದು ಬರೀ ಜೆರಾಕ್ಸು, ಫೋಟೋ ಇರಬೇಕಾದಲ್ಲಿ ಮಸಿ. ಅಂಚಿನ ರಟ್ಟಿನಡಿ ಇಷ್ಟು ದಿನ ಮುಚ್ಚಿಹೋಗಿದ್ದ ದುಂಡು ಸೀಲು ಈಗ ಕಂಡಿತು: ‘ಮೂಲಕ್ಕೆ ಸರಿಯಿದೆ’. ಪಕ್ಕದಲ್ಲಿ ಸಾಕ್ಷಾತ್ ದೊಡ್ಡಪ್ಪನ ಸಹಿ.

“ಇದು... ನಂದೇ!”

“ನಿಮ್ಮದೇ,” ಎಂದಳು ದೊಡ್ಡಮ್ಮ. “ಮೂಲ ಎಲ್ಲಿ ಅಂದಿದ್ದಕ್ಕೆ, ಜೆರಾಕ್ಸಿಗೆ ಸೀಲು ಹಾಕಿಸ್ಕೊಳ್ಳಿ ಸಾಕು ಅಂದ ಆ ಮಾರೋನು. ನಿಮಗೆ ಗೊತ್ತಾಗ್ಬಾರ್ದು ಅಂತ ನನ್ನ ತಂಗಿ ಕಾಗದಗಳ ಮಧ್ಯೆ ಸೇರಿಸಿ ಕೊಟ್ಟೆ. ನೀವು ಹಾಕಿಬಿಟ್ರಿ. ನೀವೇ ಸಹಿ ಹಾಕಿದ್ಮೇಲೆ ಸರಿಯಾಗೇ ಇರುತ್ತೆ ಅಂತ ದುಡ್ಡು ಕೊಟ್ಟೆ. ನನಗೇನು ಗೊತ್ತು ಕಲ್ಲಿನ ವಿಷಯ? ನಿಮ್ಮನ್ನ ನಂಬಿದೆ.”

ದೊಡ್ಡಪ್ಪ ತಮ್ಮ ಸಹಿಯ ಮೇಲೆ ಬೆರಳಾಡಿಸಿದರು. ನನಗೆ ಅವರ ಮೇಲೆ ಬಂದ ಸಿಟ್ಟಿಗೂ ಮರುಕಕ್ಕೂ ಲೆಕ್ಕವಿಲ್ಲ.

ಮರುದಿನ ದೊಡ್ಡಪ್ಪ ನನ್ನನ್ನೂ ಕರೆದುಕೊಂಡು ಕಾಲೇಜಿನ ಭೂವಿಜ್ಞಾನದ ಮೇಡಂ ಬಳಿ ಹೋದರು. ಆಕೆ ಕಲ್ಲಿನ ಮೂಲೆ ಕೊಯ್ದು, ನೋಡಲು ಮಸೂರ ಕೊಟ್ಟರು. ಮೇಡಂ ಸಾಕು ಎನ್ನುವವರೆಗೂ ದೊಡ್ಡಪ್ಪ ಅದರಿಂದ ಕಣ್ಣು ತೆಗೆಯಲಿಲ್ಲ. ಒಳಗೆಲ್ಲ ಸಣ್ಣ ಸಣ್ಣ ಗುಳ್ಳೆ. ಕಬ್ಬಿಣ ಕರಗಿಸುವ ಕುಲುಮೆಯ ಕಿಟ್ಟವಂತೆ ಅದು. “ಉಲ್ಕೇಲಿ ಗುಳ್ಳೆ ಯಾಕಿರಲ್ಲ?” ಎಂದು ಶುರು ಮಾಡಿದವರನ್ನು ಎಬ್ಬಿಸಿಕೊಂಡು ಬರುವಷ್ಟರಲ್ಲಿ ನನಗೆ ಸಾಕುಸಾಕಾಯಿತು.

ಮನೆಯಲ್ಲಿ ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು. ದೊಡ್ಡಪ್ಪ ಆ ಜೆರಾಕ್ಸನ್ನು ಮಗುಚಿ, ಹಿಂದೆ ಬರೆದರು. ಬರೆದದ್ದನ್ನು ಓದಿದರು, ಕಲ್ಲನ್ನು ತಿರುಗಿಸಿ ನೋಡಿದರು, ಮತ್ತೆ ಓದಿದರು. ಆಮೇಲೆ ಸಹಿ ಹಾಕಿ ಹೆಂಡತಿಯ ಕೈಗೆ ಕೊಟ್ಟರು.

‘ಈ ಕಲ್ಲನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆಕಾಶದಿಂದ ಬಿದ್ದದ್ದಲ್ಲ. ನನ್ನ ಹೆಂಡತಿ ನನ್ನನ್ನು ನಂಬಿ ತಂದುಕೊಟ್ಟದ್ದು. ಇದು ನಿಜ.’

ದೊಡ್ಡಮ್ಮ ನಿಧಾನವಾಗಿ ಓದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, “ತೂಕ ಎಲ್ರೀ ಬರೆದಿದ್ದೀರಿ?” ಎಂದಳು.

ದೊಡ್ಡಪ್ಪ ತಕ್ಕಡಿ ತರಲು ಎದ್ದರು.