ಕತ್ತರಿ ಅಕ್ಕ ಅಳಿಸಿದ ನಲವತ್ತು ಸಾವಿರ ಸಾಲು

ಬಸ್ ಕಂಡಕ್ಟರುಗಳ ಕೈಯಲ್ಲಿರುವ ಟಿಕೆಟ್ ಯಂತ್ರಕ್ಕೆ ಕೋಡ್ ಬರೆಯುವ ಕಂಪನಿಯೊಂದರಲ್ಲಿ ಅವಳು ಹತ್ತೊಂಬತ್ತು ವರ್ಷ ತನ್ನ ಪಾಡಿಗೆ ತಾನಿದ್ದಳು. ಮೂರನೇ ಮಹಡಿ, ಕಿಟಕಿ ಪಕ್ಕದ ಮೇಜು. ಕತ್ತರಿ ಅಕ್ಕ ಅಂತ ಹೆಸರು ಬಿದ್ದದ್ದು ತೀರಾ ಈಚೆಗೆ.

ಆದದ್ದಿಷ್ಟೆ. ಹೊಸ ಅಪ್ಲಿಕೇಶನ್ ಕಳಿಸಿದ ದಿನ ನಾಲ್ಕು ಸಾವಿರ ಹಳೆಯ ಯಂತ್ರಗಳು ‘ಜಾಗ ಸಾಲದು’ ಎಂದು ತೋರಿಸಿ ಮುಷ್ಕರ ಹೂಡಿದವು. ಒಂದು ಕಾಲಕ್ಕೆ ಮೂವತ್ತು ಎಂಬಿ ಇದ್ದ ಅಪ್ಲಿಕೇಶನ್ ಉಬ್ಬಿ ಉಬ್ಬಿ ತೊಂಬತ್ತೆಂಟು ಆಗಿತ್ತು. ಆ ಯಂತ್ರಗಳಲ್ಲಿ ಹಿಡಿಸುವುದೇ ಎಂಬತ್ತು.

ಮ್ಯಾನೇಜರು ಅವಳನ್ನು ಕರೆದು, “ಎರಡು ತಿಂಗಳು ತಗೊಳ್ಳಿ. ಬೇಡದ್ದನ್ನೆಲ್ಲ ತೆಗೆದುಬಿಡಿ. ಸುಲಭದ ಕೆಲಸ” ಎಂದರು.

“ಹಾಗಾದ್ರೆ ಪರೀಕ್ಷೆ ಮಾಡೋಕೆ ಒಂದು ಹಳೇ ಯಂತ್ರ ಕೊಡಿಸಿ ಸರ್.”

“ನೋಡೋಣ” ಎಂದರು ಮ್ಯಾನೇಜರು. ಅವರ ‘ನೋಡೋಣ’ಕ್ಕೆ ಏನರ್ಥವೆಂದು ಆಫೀಸಿಗೆಲ್ಲ ಗೊತ್ತಿತ್ತು.

ಒಳಹೊಕ್ಕು ನೋಡಿದರೆ ಸಂತೆಯೇ ಇತ್ತು. ಟಿಕೆಟ್ಟಿನ ಮೇಲೆ ತಾರೀಖು ಹಾಕಲು ಮೂರು ಬೇರೆ ಬೇರೆ ಏರ್ಪಾಟು. ಒಬ್ಬೊಬ್ಬ ಇಂಜಿನಿಯರು ಬಂದಾಗ ಒಂದೊಂದು ಸೇರಿಸಿ, ಹಿಂದಿನದನ್ನು ಹಾಗೇ ಬಿಟ್ಟು ಹೋಗಿದ್ದ. ಪರದೆಯ ಮೂಲೆಯಲ್ಲಿ ಒಂದು ಬಾಣದ ಗುರುತು ಬೇಕೆಂದು ಯಾರೋ ನಕಾಶೆ ತೋರಿಸುವ ಇಡೀ ಕೋಡ್ ಲೈಬ್ರರಿಯನ್ನೇ ತಂದು ತುರುಕಿದ್ದ. ಏಳು ವರ್ಷದ ಹಿಂದೆ ರದ್ದಾದ ಪಾಸಿನ ಲೆಕ್ಕಾಚಾರ ಇನ್ನೂ ಕಾಯುತ್ತಾ ಕೂತಿತ್ತು.

ಅಳಿಸುವುದು ಕಷ್ಟವಲ್ಲ, ಅಳಿಸಲು ಒಪ್ಪಿಸುವುದು ಕಷ್ಟ. ಯಾವುದಕ್ಕೆ ಕೈ ಹಾಕಿದರೂ ಒಬ್ಬರು ಓಡಿ ಬರುತ್ತಿದ್ದರು. “ಇರ್ಲಿ ಬಿಡಕ್ಕ, ಯಾವತ್ತಾದ್ರೂ ಬೇಕಾಗುತ್ತೆ.” ಯಾವತ್ತು ಎಂದು ಕೇಳಿದರೆ ಮೀಟಿಂಗ್ ಕರೆಯುತ್ತಿದ್ದರು. ಒಂದು ಫೈಲಿಗೆ ಒಪ್ಪಿಗೆ ಪಡೆಯಲು ಮೂರು ಮೀಟಿಂಗು, ಹನ್ನೊಂದು ಇಮೇಲು.

ಅರ್ಧಕ್ಕರ್ಧ ಕೋಡ್ ಬರೆದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವಳಿಗೆ ಕೆಲಸ ಕಲಿಸಿದವರೂ ಅವರೇ. ‘ಟೆಂಪ್ 2’ ಎಂಬ ಹೆಸರಿನ ನಾಲ್ಕು ಸಾಲಿನ ತುಣುಕನ್ನು ತೋರಿಸಿ ಅವಳು, “ಇದು ಖಾಲಿ ಸಾಲು ಪ್ರಿಂಟ್ ಮಾಡುತ್ತೆ ಅಷ್ಟೆ. ಯಾಕೆ ಮೇಷ್ಟ್ರೇ?” ಎಂದು ಕೇಳಿದಳು.

“ಯಾಕೆ ಬರ್ದೆ ಅಂತ ನಂಗೇ ನೆನಪಿಲ್ಲ ಕಣಮ್ಮ. ಬರ್ದಿದೀನಿ ಅಂದ್ಮೇಲೆ ಏನೋ ಕಾರಣ ಇರುತ್ತೆ. ಮುಟ್ಬೇಡ.”

ನಾಲ್ಕು ಸಾಲಿನಿಂದ ಉಳಿಯುವ ಜಾಗ ಸಾಸಿವೆಯಷ್ಟು. ಬಿಟ್ಟಿದ್ದರೆ ನಡೆಯುತ್ತಿತ್ತು. ಆದರೆ ಅಷ್ಟು ಹೊತ್ತಿಗೆ ‘ಇರ್ಲಿ ಬಿಡು’ ಕೇಳಿ ಕೇಳಿ ಅವಳ ತಲೆ ಕೆಟ್ಟುಹೋಗಿತ್ತು. ಅವರು ಊಟಕ್ಕೆ ಎದ್ದ ಮೇಲೆ ತೆಗೆದೇಬಿಟ್ಟಳು. ಆಫೀಸಿನ ಹೊಸ ಯಂತ್ರದಲ್ಲಿ ಟಿಕೆಟ್ ಚೊಕ್ಕವಾಗಿ ಬಂತು.

ಮನೆಯಲ್ಲಿ ಅತ್ತೆ ಬಟ್ಟೆ ಮಡಚುತ್ತಾ ಕೇಳಿದರು, “ದಿನಾ ಮುಖ ಊದಿಸ್ಕೊಂಡು ಬರ್ತೀಯಲ್ಲ, ಏನು ಕೆಲ್ಸ ಅದು?”

“ಅಳಿಸೋದು, ಅತ್ತೆ.”

“ಬರೆಯೋಕೆ ಸಂಬಳ ಕೊಡೋದು ಕೇಳಿದ್ದೆ. ಅಳಿಸೋಕೂ ಕೊಡ್ತಾರಾ?”

ಅವಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ಏಳನೇ ವಾರ ಅಪ್ಲಿಕೇಶನ್ ಎಪ್ಪತ್ತಾರು ಎಂಬಿಗೆ ಇಳಿಯಿತು. ಪ್ರಯೋಗಕ್ಕೆಂದು ಒಂದೇ ಡಿಪೋದ ನಾಲ್ಕು ಬಸ್ಸಿಗೆ ಕಳಿಸಿದರು. ಮರುದಿನ ಬೆಳಿಗ್ಗೆ ಏಳೂವರೆಗೆ ಡಿಪೋದಿಂದ ಫೋನು. ಅವಳು ಬಾಚಣಿಗೆ ಅಲ್ಲೇ ಬಿಟ್ಟು ಓಡಿದಳು.

ಡಿಪೋದ ಅಂಗಳದಲ್ಲಿ ಡೀಸೆಲ್ ಹೊಗೆಯ ನಡುವೆ ನಡುವಯಸ್ಸಿನ ಕಂಡಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಎರಡು ಟಿಕೆಟ್ ಹರಿದು ಕೊಟ್ಟಳು. ಹಳೆಯ ಯಂತ್ರದಲ್ಲಿ ಕಾಗದ ಹರಿಯುವ ಹಲ್ಲು ಸ್ವಲ್ಪ ಮೇಲಿತ್ತು. ಕೊನೆಯ ಸಾಲು, ಎಂದರೆ ಇಳಿಯುವ ನಿಲ್ದಾಣದ ಹೆಸರು, ಒಳಗೇ ಉಳಿದು ಮುಂದಿನವರ ಟಿಕೆಟ್ಟಿನ ತಲೆಯ ಮೇಲೆ ಬರುತ್ತಿತ್ತು. ಆ ಸಾಲನ್ನು ಹೊರಗೆ ತಳ್ಳಲೆಂದೇ ಮೇಷ್ಟ್ರು ಖಾಲಿ ಸಾಲು ಬರೆದಿದ್ದರು.

“ಆಸ್ಪತ್ರೆಗೆ ಹೊರಟ ಅಜ್ಜಿಗೆ ಮಾರ್ಕೆಟ್ಟಿನ ಟಿಕೆಟ್ ಕೊಟ್ಟಿದೀನಿ ಮೇಡಂ. ತಪಾಸಣೆಯವನು ಅಜ್ಜಿನ ಅರ್ಧ ದಾರೀಲಿ ಇಳಿಸ್ದ. ನೀವು ಮಹಡಿ ಮೇಲೆ ಕೂತು ಗೀಚ್ತೀರಿ. ಬೈಸ್ಕೊಳ್ಳೋಕೆ ನಾವಿದೀವಲ್ಲ.”

“ತಪ್ಪು ನಂದೇ” ಎಂದಳು ಅವಳು. ಬೇರೇನು ಹೇಳುವುದು? ಕ್ಯಾಂಟೀನಿನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದು ನಾಲ್ಕು ಸಾಲನ್ನೂ ವಾಪಸು ಸೇರಿಸಿದಳು. ಮೇಲೆ ಐದನೆಯದೊಂದು ಸಾಲು, ಇದು ಯಾಕೆ ಬೇಕೆಂದು ವಿವರಿಸುವ ಟಿಪ್ಪಣಿ. ಕಂಡಕ್ಟರಮ್ಮ ಇಪ್ಪತ್ತು ಟಿಕೆಟ್ ಹರಿದು ನೋಡಿ, ತಲೆಯಾಡಿಸಿ, ಬಸ್ ಹತ್ತಿದಳು.

ಆಫೀಸಿನಲ್ಲಿ ಮೇಷ್ಟ್ರು ಕಾಯುತ್ತಿದ್ದರು. “ನಾನು ಹೇಳ್ಲಿಲ್ವಾ?”

“ಮುಟ್ಬೇಡ ಅಂದ್ರಿ, ಯಾಕೆ ಅಂತ ಹೇಳ್ಲಿಲ್ಲ. ಯಾಕೆ ಅಂತ ಅವತ್ತೇ ಒಂದು ಸಾಲು ಬರ್ದಿಟ್ಟಿದ್ರೆ ಆ ಅಜ್ಜಿ ಆಸ್ಪತ್ರೆ ಸೇರ್ತಿದ್ರು.”

ಮೇಷ್ಟ್ರ ಮುಖ ಸಣ್ಣದಾಯಿತು. ಹೇಳಿದ್ದು ಹೆಚ್ಚಾಯಿತೆಂದು ಅವಳಿಗೂ ಅನ್ನಿಸಿತು. ಅವರ ಮಾತು ಕೇಳದೆ ಅಳಿಸಿದ್ದು ತಾನೇ ಅಲ್ಲವೇ. ಅಂದು ಸಂಜೆ ಅವರು ತಾವಾಗಿಯೇ ಕುರ್ಚಿ ಎಳೆದುಕೊಂಡು ಬಂದು, ತಮ್ಮ ಹಳೆಯ ಕೋಡಿಗೆಲ್ಲ ಒಂದೊಂದಾಗಿ ಕಾರಣ ಬರೆಸತೊಡಗಿದರು. ನೆನಪಾಗದ ಕಡೆ “ಇದನ್ನ ಡಿಪೋಗೆ ಹೋಗಿ ನೋಡ್ಕೊಂಡು ಬರೋಣ” ಎನ್ನುತ್ತಿದ್ದರು. ಹೋಗಿಯೂ ಬಂದರು.

ಒಂಬತ್ತನೇ ವಾರ ನಾಲ್ಕು ಸಾವಿರ ಯಂತ್ರಗಳೂ ಹೊಸ ಅಪ್ಲಿಕೇಶನ್ ಒಪ್ಪಿಕೊಂಡವು. ಮೀಟಿಂಗಿನಲ್ಲಿ ಚಪ್ಪಾಳೆಯೂ ಆಯಿತು. ಅದರ ಬೆನ್ನಿಗೇ ಮ್ಯಾನೇಜರು, “ಈಗ ನಾಲ್ಕು ಎಂಬಿ ಖಾಲಿ ಇದೆಯಂತಲ್ಲ? ಯಂತ್ರ ಆನ್ ಆದಾಗ ಕಂಪನಿ ವಿಡಿಯೋ ಒಂದು ಬರ್ಲಿ ಅಂತ ಮಾರ್ಕೆಟಿಂಗ್‌ನವರು ಕೇಳ್ತಿದಾರೆ” ಎಂದರು.

“ತುಂಬಿದ ಬಸ್ಸಲ್ಲಿ ವಿಡಿಯೋ ಯಾರು ನೋಡ್ತಾರೆ ಸರ್?”

“ಜಾಗ ಇದೆಯಲ್ಲಮ್ಮ, ಸುಮ್ನೆ ಯಾಕೆ ಬಿಡೋದು?”

ಪರೀಕ್ಷೆಗೆಂದು ಕೊನೆಗೂ ಸಿಕ್ಕಿದ್ದ ಹಳೆಯ ಯಂತ್ರಕ್ಕೆ ಅವಳು ಆ ವಿಡಿಯೋ ತುಂಬಿ, ಮರುದಿನ ಅವರ ಮೇಜಿನ ಮೇಲಿಟ್ಟು ಆನ್ ಮಾಡಿದಳು. ಟಿಕೆಟ್ಟಿನ ಪರದೆ ಬರುವವರೆಗೆ ಐವತ್ತು ಸೆಕೆಂಡು ಇಬ್ಬರೂ ಅದನ್ನೇ ನೋಡಬೇಕಾಯಿತು. ಮ್ಯಾನೇಜರು ವಿಡಿಯೋ ಬಿಟ್ಟು ಒಂದು ಸಣ್ಣ ಚಿತ್ರ ಸಾಕೆಂದರು. ಅದೂ ಬೇಡ ಎಂದು ಅವರನ್ನು ಒಪ್ಪಿಸಲು ಅವಳಿಂದ ಆಗಲಿಲ್ಲ.

ವರ್ಷದ ಕೊನೆಗೆ ಪ್ರತಿಯೊಬ್ಬರೂ ತಾವು ಬರೆದ ಸಾಲುಗಳ ಸಂಖ್ಯೆ ತುಂಬುವ ಫಾರಂ ಬಂತು. ಅವಳು ‘ಮೈನಸ್ ನಲವತ್ತು ಸಾವಿರ’ ಎಂದು ಹಾಕಿದಳು. ಪರದೆಯ ಮೇಲೆ ಆ ಚೌಕ ಕೆಂಪಾಯಿತು. ಸಿಬ್ಬಂದಿ ವಿಭಾಗದ ಹುಡುಗಿಗೆ ಫೋನ್ ಮಾಡಿದಳು.

“ಮೈನಸ್ ತಗೊಳಲ್ಲ ಮೇಡಂ. ಸೊನ್ನೆ ಹಾಕ್ಬಿಡಿ.”

“ಸೊನ್ನೆ ಅಂದ್ರೆ ಏನೂ ಮಾಡಿಲ್ಲ ಅಂತ ಆಗುತ್ತಲ್ಲಮ್ಮ?”

“ಏನ್ ಮಾಡೋದು ಮೇಡಂ, ಫಾರಂ ಇರೋದೇ ಹಾಗೆ.”

ಅವಳು ಸೊನ್ನೆ ಹಾಕಿದಳು. ಕೆಳಗೆ ‘ಇತರೆ’ ಎಂಬ ಚೌಕದಲ್ಲಿ, ತೆಗೆದ ಪ್ರತಿಯೊಂದು ಫೈಲಿನ ಹೆಸರನ್ನೂ ಕಾರಣ ಸಮೇತ ಟೈಪ್ ಮಾಡತೊಡಗಿದಳು. ಇನ್ನೂರು ಅಕ್ಷರಕ್ಕೆ ಚೌಕ ತುಂಬಿತು.