ಮೂರು ಡಬ್ಬಿಯ ತೋಟೆಗಳು

ಕಾಲೇಜಿನ ಮೂರು ವರ್ಷಗಳಲ್ಲಿ ಚರ್ಚಾಸ್ಪರ್ಧೆಯಲ್ಲಿ ನಾನು ಸೋತದ್ದು ಎರಡೇ ಸಲ. ಇದನ್ನು ಹೆಮ್ಮೆಗೆ ಹೇಳುತ್ತಿಲ್ಲ. ಪರವಾಗಿ ಮಾತಾಡು ಎಂದರೆ ಪರ, ವಿರುದ್ಧ ಎಂದರೆ ವಿರುದ್ಧ. ನಿಜ ಯಾವುದು ಎಂದು ಯಾವ ತೀರ್ಪುಗಾರನೂ ನನ್ನನ್ನು ಕೇಳಿದ್ದಿಲ್ಲ. ಈ ವಿದ್ಯೆ ಹೊತ್ತುಕೊಂಡು ಎಂಬತ್ತೊಂಬತ್ತರ ಕೊನೆಗೆ ಕುವೈತಿಗೆ ಹೋದೆ. ಮೀನಾ ಅಬ್ದುಲ್ಲಾದ ಒಂದು ವರ್ಕ್‌ಶಾಪಿನಲ್ಲಿ ಸ್ಟೋರಿನ ಗುಮಾಸ್ತನ ಕೆಲಸ.

ರಿಫೈನರಿಯ ಗುತ್ತಿಗೆದಾರರಿಗೆ ಪಂಪು, ವಾಲ್ವು ರಿಪೇರಿ ಮಾಡಿಕೊಡುವ ಜಾಗ ಅದು. ಲೇತು ನಡೆಸುತ್ತಿದ್ದವರು ಉಳ್ಳಾಲದ ಕಡೆಯ ಒಬ್ಬ ಬ್ಯಾರಿ, ಐವತ್ತು ದಾಟಿದವರು, ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ಎಲ್ಲರಿಗೂ ಅವರು ಕಾಕ. ಅವರಿಗೆ ಲೇತಿನ ಜೊತೆಗೆ ಇನ್ನೊಂದು ಕೆಲಸವಿತ್ತು. ನಮ್ಮ ವೀಸಾ, ಪಾಸ್‌ಪೋರ್ಟುಗಳನ್ನೆಲ್ಲ ತನ್ನ ತಿಜೋರಿಯಲ್ಲಿಟ್ಟುಕೊಂಡಿದ್ದ ಕಫೀಲನಿಗೆ, ಅಂದರೆ ನಮ್ಮ ಧಣಿಗೆ, ಬೇಟೆಯ ಹುಚ್ಚು. ಒಂದೇ ಅಳತೆಯ ತೋಟೆ ಹಾಕುವ ಮೂರು ರೈಫಲ್ ಅವನ ಬಳಿ ಇದ್ದವು. ಹಾರಿಸಿ ಖಾಲಿಯಾದ ಹಿತ್ತಾಳೆಯ ತೋಟೆಗಳನ್ನು ಮೂರು ಬಿಸ್ಕತ್ತಿನ ಡಬ್ಬಿಗಳಲ್ಲಿ ಕಳಿಸುತ್ತಿದ್ದ. ಕಾಕ ಅವನ್ನು ಒರೆಸಿ, ಸರಿಮಾಡಿ, ಮತ್ತೆ ಮದ್ದು ಗುಂಡು ತುಂಬಿ ಕೊಡಬೇಕು.

ಡಬ್ಬಿ ಮೂರು ಯಾಕೆ? ತೋಟೆ ಹಾರುವಾಗ ಹಿತ್ತಾಳೆ ಉಬ್ಬಿ, ಯಾವ ರೈಫಲ್ಲಿನೊಳಗಿತ್ತೋ ಅದರ ಆಕಾರಕ್ಕೇ ಕೂರುತ್ತದೆ. ಅದೇ ರೈಫಲ್ಲಿಗೆ ಮತ್ತೆ ಹೋಗುವುದಾದರೆ ಬಾಯಿಯನ್ನಷ್ಟೇ ಬಿಗಿಮಾಡಿದರೆ ಸಾಕು. ಬೇರೆಯದಕ್ಕಾದರೆ ಇಡೀ ಮೈಯನ್ನು ಅಚ್ಚಿಗೆ ಒತ್ತಿ ಕಿರಿದು ಮಾಡಬೇಕು. ಹಾಗೆ ಪದೇಪದೇ ಒತ್ತಿದರೆ ಹಿತ್ತಾಳೆ ಬೇಗ ಸೀಳುತ್ತದೆ. ಆದ್ದರಿಂದ ಕಾಕ ಡಬ್ಬಿಗಳಿಗೆ ಮೂರು ಬಣ್ಣದ ನೂಲು ಕಟ್ಟಿ, ಬಾಯಿಯನ್ನು ಮಾತ್ರ ಬಿಗಿಮಾಡುತ್ತಿದ್ದರು. ಇಷ್ಟು ಈಗ ಗೊತ್ತು. ಆಗ ನನಗೆ ಇದೊಂದು ಮಡಿಯಂತೆ ಕಂಡಿತ್ತು.

“ಎಂತ ಕಾಕ, ತೋಟೆಗೂ ಜಾತಿ ಮಾಡಿ ಇಟ್ಟಿದ್ದೀರಾ?”

“ಜಾತಿ ಅಲ್ಲ ಮಾರಾಯ. ಒಂದು ಮನೆಯಲ್ಲಿ ಬೆಂದದ್ದು ಇನ್ನೊಂದು ಮನೆಗೆ ಹಾಗೇ ಹೋಗುದಿಲ್ಲ.”

“ಬುಡದಲ್ಲಿ ನಂಬ್ರ ಒಂದೇ ಉಂಟಲ್ಲ. ಕಾರ್ಖಾನೆಯವನಿಗೆ ಇಲ್ಲದ ವ್ಯತ್ಯಾಸ ನಿಮಗೆ ಎಲ್ಲಿಂದ ಬಂತು?”

“ಕಾರ್ಖಾನೆಯವ ಹೊಸತು ಮಾಡಿ ಬಿಟ್ಟ. ಹಾರಿಸಿದ ಮೇಲೆ ಎಂತ ಆಯ್ತು ಅಂತ ನೋಡ್ಲಿಕ್ಕೆ ಬರ್ತಾನಾ ಅವ?”

“ಕಣ್ಣಿಗೆ ಕಾಣದ್ದನ್ನು ನಾನು ಹೇಗೆ ಒಪ್ಪುದು?”

“ನೀವು ಒಪ್ಪದಿದ್ರೆ ಅದಕ್ಕೆ ಬೇಜಾರೇನೂ ಇಲ್ಲ ವಕೀಲರೇ. ಡಬ್ಬಿ ಮುಟ್ಟಬೇಡಿ, ಆಯ್ತಾ?”

ಸುತ್ತ ನಿಂತಿದ್ದ ವೆಲ್ಡರುಗಳು ನಕ್ಕರು. ನನ್ನ ಸೋಲಿನ ಲೆಕ್ಕ ಮೂರಾಯಿತು.

ಆ ವಸಂತದಲ್ಲಿ ಕಾಕ ಬಹಳ ಹಗುರವಾಗಿದ್ದರು. ಮೂರು ವರ್ಷಗಳ ನಂತರ ಕಫೀಲ್ ರಜೆ ಒಪ್ಪಿದ್ದ. ಆ ರಜೆಯನ್ನು ನಂಬಿ ಊರಿನಲ್ಲಿ ಹಿರಿಮಗಳ ನಿಕಾಹನ್ನು ಜುಲೈಗೆ ಗೊತ್ತುಮಾಡಿದ್ದರು. ಮದುಮಗಳಿಗೆಂದು ಕೊಂಡ ಬಟ್ಟೆಯನ್ನು ನಮಗೆಲ್ಲ ಬಿಡಿಸಿ ತೋರಿಸಿ, ಯಾರೂ ಮುಟ್ಟುವ ಮೊದಲೇ ಮಡಚಿಬಿಡುತ್ತಿದ್ದರು.

ಏಪ್ರಿಲಿನ ಒಂದು ಶುಕ್ರವಾರ ಕಾಕ ನಮಾಜಿಗೆ ಹೋಗಿದ್ದಾಗ, ತುಂಬಲು ಬಂದಿದ್ದ ಮೂರು ಡಬ್ಬಿಗಳನ್ನೂ ನಾನು ಮೇಜಿನ ಮೇಲೆ ಸುರಿದೆ. ಚೆನ್ನಾಗಿ ಕಲಸಿದೆ. ಮತ್ತೆ ಮೂರು ಪಾಲು ಮಾಡಿ ತುಂಬಿಸಿ, ನೂಲುಗಳನ್ನು ಮೊದಲಿದ್ದ ಹಾಗೇ ಕಟ್ಟಿದೆ. ಕುಚೋದ್ಯವಲ್ಲ, ಪರೀಕ್ಷೆ ಎಂದೇ ಅಂದುಕೊಂಡಿದ್ದೆ. ಎಲ್ಲ ತೋಟೆಗಳೂ ಸರಾಗ ಹಾರಿದ ಮೇಲೆ ಎಲ್ಲರೆದುರು ನಿಂತು ಹೇಳುವ ವಾಕ್ಯಗಳನ್ನೂ ಜೋಡಿಸಿಟ್ಟಿದ್ದೆ. ರೈಫಲ್ಲುಗಳು ಕಫೀಲನ ಮನೆಯಲ್ಲಿದ್ದವು. ಕಾಕ ತೋಟೆಗಳನ್ನು ಅವುಗಳಿಗೆ ಹಾಕಿ ನೋಡುವಂತಿರಲಿಲ್ಲ. ಅವರು ನೂಲನ್ನು ನಂಬಿ ಕೆಲಸ ಮಾಡಿದರು.

ಮುಂದಿನ ವಾರ ಮರುಭೂಮಿಯ ಡೇರೆಯಲ್ಲಿ ಅತಿಥಿಗಳೆದುರು ಕಫೀಲ್ ತನ್ನ ಹೊಸ ರೈಫಲ್ ಎತ್ತಿಕೊಂಡ. ಅದರ ಒಳಗು ಮೂರರಲ್ಲೇ ಬಿಗಿ. ಹಳೆಯ ಸಡಿಲ ರೈಫಲ್ಲಿನಲ್ಲಿ ಉಬ್ಬಿದ್ದ ತೋಟೆ ಅರ್ಧಕ್ಕೆ ನಿಂತಿತು. ತೋಟೆಯನ್ನು ಒಳಗೆ ತಳ್ಳುವ ಬೋಲ್ಟನ್ನು ಅಂಗೈಯಿಂದ ಗುದ್ದಿದ. ಅದು ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಅತಿಥಿಗಳಲ್ಲಿ ಯಾರೋ ನಕ್ಕರಂತೆ. ಇದನ್ನೆಲ್ಲ ಹೇಳಿದವನು ಅವನ ಡ್ರೈವರ್.

ಮಾರನೆಯ ಬೆಳಿಗ್ಗೆ ಕಫೀಲ್ ವರ್ಕ್‌ಶಾಪಿಗೆ ಬಂದು ತೋಟೆಗಳನ್ನು ಲೇತಿನ ಮೇಲೆ ಸುರಿದ. “ಕೌನ್ ಕಿಯಾ?” ಎಂದು ಕೇಳಿದ.

ಕಾಕ ಒಂದನ್ನೆತ್ತಿ ಬೆಳಕಿಗೆ ಹಿಡಿದರು. ಇನ್ನೊಂದನ್ನೆತ್ತಿದರು. “ನನ್ನ ಕೈಯಿಂದಲೇ ಆಗಿರಬೇಕು ಅರ್ಬಾಬ್,” ಎಂದು ಧಣಿಗೆ ಹಿಂದಿಯಲ್ಲಿ ಹೇಳಿದರು.

ನಾನು ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಸ್ಟೋರಿನ ಪುಸ್ತಕ ಹಿಡಿದು ನಿಂತಿದ್ದೆ. ನಾನು ಬೆರೆಸಿದ್ದು ಎಂದರೆ ಮುಗಿಯುತ್ತಿತ್ತು. ಹೇಳಿದರೆ ಮರುದಿನವೇ ಊರಿಗೆ ಅಟ್ಟುತ್ತಾನೆ ಎಂದು ಗೊತ್ತಿತ್ತು. ತಲೆ ಆಗಲೂ ಚುರುಕಾಗೇ ಇತ್ತು: ಕಾಕ ಹಳಬರು, ಅವರಿಗೆ ಏನೂ ಮಾಡಲಾರ, ನಾನು ಹೊಸಬ, ಹೇಳಿದರೆ ಒಬ್ಬನಿಗೆ ಖಂಡಿತ ನಷ್ಟ, ಸುಮ್ಮನಿದ್ದರೆ ಬಹುಶಃ ಯಾರಿಗೂ ಇಲ್ಲ. ಎಂಥ ಸೊಗಸಾದ ವಾದ. ಅದು ಮುಗಿಯುವುದರೊಳಗೆ ಕಫೀಲ್ ಮಾತು ಮುಗಿಸಿದ್ದ.

“ಛುಟ್ಟಿ ಖಲಾಸ್. ಈ ವರ್ಷ ಇಲ್ಲ.”

ಆಮೇಲೂ ಎರಡು ತಿಂಗಳಿತ್ತು. ಒಂದು ದಿನ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ.

ಜುಲೈಯಲ್ಲಿ ಊರಿನಲ್ಲಿ ಕಾಕನ ತಮ್ಮನನ್ನು ತಂದೆಯ ಜಾಗದಲ್ಲಿ ನಿಲ್ಲಿಸಿ ನಿಕಾಹ್ ಮಾಡಿಸಿದರು. ಆ ದಿನ ಕಾಕ ಲೇತಿನ ಮುಂದೆ ಇದ್ದರು. ಹಳೆಯ ಕೆಲಸವನ್ನೇ ಎರಡೆರಡು ಸಲ ಅಳೆಯುತ್ತಿದ್ದರು. ಆಗಸ್ಟಿನಲ್ಲಿ ಇರಾಕಿನ ಟ್ಯಾಂಕುಗಳು ಬಂದವು. ಕಫೀಲ್ ಸೌದಿಗೆ ಓಡಿದ. ನಮ್ಮ ಪಾಸ್‌ಪೋರ್ಟುಗಳು ತಿಜೋರಿಯಲ್ಲೇ ಉಳಿದವು. ರಾಯಭಾರ ಕಚೇರಿ ಬರೆದುಕೊಟ್ಟ ಕಾಗದ ಹಿಡಿದು, ಮದುಮಗಳ ಬಟ್ಟೆಯನ್ನೂ ಬಿಟ್ಟು, ಬಸ್ಸುಗಳಲ್ಲಿ ಜೋರ್ಡಾನಿನ ಗಡಿಗೆ ಬಂದೆವು. ಶಿಬಿರದಲ್ಲಿ ನೀರಿನ ಪಂಪು ಕೆಟ್ಟಾಗ ಯಾರೋ ಕಾಕನನ್ನು ಕರೆದರು.

“ನನಗೆ ಆಗುದಿಲ್ಲ,” ಎಂದರು. “ನನ್ನ ಕೈ ಹೋಗಿದೆ. ನೂಲು ಕಟ್ಟಿದ ಡಬ್ಬಿಯನ್ನೇ ಅದಲುಬದಲು ಮಾಡಿದ ಕೈ ಇದು.”

ಪಂಪಿನ ಕೆಲಸ ಅವರಿಗೆ ಐದು ನಿಮಿಷದ್ದು. ನಾನು ಪಕ್ಕದಲ್ಲೇ ಕೂತಿದ್ದೆ.

ಯುದ್ಧ ಮುಗಿದು ಕೆಲವು ತಿಂಗಳಿಗೆ ಊರಿಗೆ ಕಫೀಲನ ಪತ್ರ ಬಂತು: ವರ್ಕ್‌ಶಾಪು ಮತ್ತೆ ತೆರೆಯುತ್ತೇನೆ, ಇಬ್ಬರೂ ಬನ್ನಿ. ಪತ್ರ ಹಿಡಿದು ಕಾಕನ ಮನೆಗೆ ಹೋದೆ. ಕಾಕ ಬಾಗಿಲವರೆಗೆ ಬಂದು ಕರೆದು ಕೂರಿಸಿ, ಚಾ ಮಾಡಲು ಒಳಗೆ ಹೇಳಿದರು. ಪತ್ರ ಕೇಳಿ ತಲೆ ಆಡಿಸಿದರು. “ಬೇಡ ಮಾರಾಯ. ಕೈ ಹೋದವ ಅಲ್ಲಿ ಹೋಗಿ ಎಂತ ಮಾಡುದು?”

ಆಗ ಹೇಳಿದೆ. ಶುಕ್ರವಾರ, ಡಬ್ಬಿ, ನೂಲು, ಎಲ್ಲ. ಸಮರ್ಥನೆ ಒಂದೂ ಸೇರಿಸಲಿಲ್ಲ. ಅಷ್ಟು ಮಾತ್ರ ನನ್ನ ಪುಣ್ಯ.

ಕಾಕ ತಮ್ಮ ಬೆರಳುಗಳನ್ನು ನೋಡಿಕೊಂಡರು. “ಅವ ಕೇಳುವಾಗ ನೀನು ಅಲ್ಲೇ ನಿಂತಿದ್ದಿ ಅಲ್ವಾ?”

“ನಿಂತಿದ್ದೆ ಕಾಕ.”

“ಮೊನ್ನೆ ಇವಳಿಗೆ ಹೊಲಿಗೆ ಮಿಷನಿನ ಸ್ಕ್ರೂ ಸಹ ನಾನು ಹಾಕಿ ಕೊಡ್ಲಿಲ್ಲ. ಹೆದರಿಕೆ.” ಒಳಬಾಗಿಲಿನ ಕಡೆ ತಿರುಗಿದರು. “ಚಾ ಬೇಡ. ಇವರು ಹೊರಟರು.”

ಕುವೈತಿಗೆ ನಾನೊಬ್ಬನೇ ಮರಳಿದೆ. ಎಣ್ಣೆಬಾವಿಗಳ ಹೊಗೆಯಿಂದ ವರ್ಕ್‌ಶಾಪಿನ ಗೋಡೆ ಕಪ್ಪಾಗಿತ್ತು. ಮುದುಕ ಯಾಕೆ ಬರಲಿಲ್ಲ ಎಂದು ಕಫೀಲ್ ಕೇಳಿದ. ಅವನಿಗೂ ಹೇಳಿದೆ: ಅವತ್ತು ತಪ್ಪು ಮಾಡಿದ್ದು ಅವರಲ್ಲ, ನಾನು, ಅವರ ರಜೆ ನನ್ನಿಂದ ಹೋಯಿತು. ಹೊರಗೆ ಅಟ್ಟುತ್ತಾನೆ ಎಂದು ಕಾದು ನಿಂತೆ. ಅಟ್ಟಲಿ ಎಂದು ಬಯಸಿಯೂ ಇದ್ದೆ.

ಅವನಿಗೆ ವಿಷಯ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. “ಮಾಲೇಶ್,” ಎಂದ, ಹೋಗಲಿ ಬಿಡು ಎನ್ನುವ ಹಾಗೆ. “ಆ ರೈಫಲ್ಲುಗಳನ್ನೇ ಸೈನಿಕರು ಹೊತ್ತುಕೊಂಡು ಹೋದರು. ಲೇತಿಗೆ ನಿನ್ನ ಊರಿನವರು ಬೇರೆ ಯಾರಾದರೂ ಇದ್ದಾರೆಯೇ, ನೋಡು.”