ಮೇಷ್ಟ್ರ ತಂಗಿ ಕೂರಿಸಿದ ಬಿಲ್ಡ್

ಆ ಆಫೀಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ಮೇಷ್ಟ್ರ ತಂಗಿ. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಅವಳ ಒಡಹುಟ್ಟಿದ ಅಣ್ಣ. ಟೈರ್ ಅಂಗಡಿಯ ಮಹಡಿ ಮೇಲಿದ್ದ ಆ ಪುಟ್ಟ ಆಫೀಸಿನಲ್ಲಿ ಪ್ರೋಗ್ರಾಂ ಬರೆಯುವ ಪ್ರತಿಯೊಬ್ಬರಿಗೂ ಕಿವಿ ಹಿಂಡಿ ಕೆಲಸ ಕಲಿಸಿದವನು. ತಂಗಿಗೂ ಅವನೇ ಗುರು. ಮದುವೆ ಮುರಿದುಕೊಂಡು ತವರಿಗೆ ಬಂದು ಗೋಡೆ ನೋಡುತ್ತಾ ಕೂತಿದ್ದವಳನ್ನು, "ಅಳೋದಿದ್ರೆ ಕೆಲಸ ಮಾಡ್ಕೊಂಡು ಅಳು, ಬಾ ಪುಟ್ಟಿ" ಎಂದು ಎಳೆದುಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕೂರಿಸಿದ್ದ. ನಾಲ್ಕು ದಿನ ಅತ್ತಳು, ಐದನೆಯ ದಿನ ತಪ್ಪು ಹುಡುಕುವುದರಲ್ಲಿ ಅಳುವುದು ಮರೆತೇಹೋಯಿತು.

ಅಂಥ ಮಾತಿನ ಮಲ್ಲನಿಗೆ ಲಕ್ವ ಹೊಡೆಯಿತು ನೋಡಿ. ಬಲಗೈ ಹೋಯಿತು, ಬಲಗಾಲು ಎಳೆಯುವಂತಾಯಿತು. ಮಾತೂ ಅಷ್ಟೇ, ಹೇಳಬೇಕಾದದ್ದು ತಲೆಯಲ್ಲಿ ಸ್ಪಷ್ಟವಾಗಿರುತ್ತಿತ್ತು, ನಾಲಿಗೆಗೆ ಬರುವ ಹೊತ್ತಿಗೆ ಪದ ಕೈಕೊಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಹಾಸಿಗೆ ಹಿಡಿದುಬಿಡುತ್ತಿದ್ದರು. ಇವನು ಮಾತ್ರ ಅಮ್ಮ ಎಷ್ಟು ಬೇಡವೆಂದು ಗೋಗರೆದರೂ ಕೇಳದೆ ತಂಗಿಯ ಭುಜ ಹಿಡಿದು ಆಫೀಸಿಗೆ ಬಂದು ಕೂತ. ಆಫೀಸಿನ ಯಜಮಾನರೂ ಬೇಡವೆನ್ನಲಿಲ್ಲ. ಅದಕ್ಕೆ ಮರುಕವೊಂದೇ ಕಾರಣವಲ್ಲ, ಅವನಿಲ್ಲದೆ ಅಲ್ಲಿ ಬಿಲ್ಡ್ ಆಗುತ್ತಿರಲಿಲ್ಲ.

ಬಿಲ್ಡ್ ಅಂದರೆ ಇಷ್ಟೇ. ಔಷಧಿ, ಲಸಿಕೆ ಇಡುವ ಶೀತಲ ಗೋದಾಮುಗಳನ್ನು ಕಾಯುವ ಪ್ರೋಗ್ರಾಂ ಅವರದು. ಒಳಗೆ ಬಿಸಿ ಏರಿದರೆ ಗೋದಾಮಿನಲ್ಲಿ ಗಂಟೆ ಹೊಡೆಯಬೇಕು, ಕಾವಲಿನವನ ಫೋನಿಗೆ ಕರೆ ಹೋಗಬೇಕು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆದ ನೂರಾರು ಚಿಲ್ಲರೆ ಫೈಲುಗಳನ್ನು ಒಟ್ಟುಗೂಡಿಸಿ, ಒಂದೇ ಗಂಟು ಮಾಡಿ ಸರ್ವರಿಗೆ ಏರಿಸಬೇಕು. ಆ ಗಂಟು ಕಟ್ಟುವ ಸ್ಕ್ರಿಪ್ಟನ್ನು ಮೇಷ್ಟ್ರು ಕೈಯಾರೆ ಬರೆದಿದ್ದ. ಉದ್ದವೆಂದರೆ ಉದ್ದ, ಯಾವ ಸಾಲು ಯಾಕಿದೆ ಎಂಬುದು ಅವನೊಬ್ಬನಿಗೇ ಗೊತ್ತು. ಅದನ್ನು ಓಡಿಸಿ ಜನ ಚಹಾ ಕುಡಿದು ಬಂದರೂ ಮುಗಿದಿರುತ್ತಿರಲಿಲ್ಲ. ನಡುವೆ ಮುನಿಸಿಕೊಂಡು ನಿಂತರೆ ಮೇಷ್ಟ್ರೇ ಬೇಕು. ಅವನು ಎಡಗೈಯ ಒಂದೇ ಬೆರಳಿನಲ್ಲಿ ಏನೋ ಕುಟ್ಟುತ್ತಿದ್ದ, ಅದು ಮತ್ತೆ ಹೊರಡುತ್ತಿತ್ತು. "ಬಂ... ಬಂತು" ಎನ್ನುವಾಗ ಅವನ ಮುಖ ನೋಡಬೇಕಿತ್ತು. ದಿನದಲ್ಲಿ ಆ ಒಂದು ಗಳಿಗೆ ಮಾತ್ರ ಅವನು ರೋಗಿಯಾಗಿರುತ್ತಿರಲಿಲ್ಲ.

ಯಜಮಾನರು ಒಂದು ದಿನ ಅವಳನ್ನು ಒಳಗೆ ಕರೆದರು.

"ನೋಡಮ್ಮಾ, ಈಗ ಎಲ್ಲರೂ ಹೊಸ ಬಿಲ್ಡ್ ಟೂಲ್ ಹಾಕ್ಕೊಂಡಿದ್ದಾರೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗಿಯುತ್ತಂತೆ. ನೀನೇ ಕೂರಿಸಿಬಿಡು."

"ಅಣ್ಣನ ಸ್ಕ್ರಿಪ್ಟು, ಸರ್?"

"ನಾಳೆ ಅವರಿಗೆ ಮತ್ತೆ ಏನಾದ್ರೂ ಆದ್ರೆ ನಾನು ಯಾರ ಬಾಗಿಲು ತಟ್ಟಲಿ, ಹೇಳು. ಇದೊಂದು ಆಗಲಿ. ಆಮೇಲೆ ಮೇಷ್ಟ್ರು ಮನೇಲಿ ಆರಾಮಾಗಿರಲಿ. ಪಾಪ, ಎಷ್ಟು ಅಂತ ಒದ್ದಾಡ್ತಾರೆ."

ಆರಾಮಂತೆ! ಆ ಸ್ಕ್ರಿಪ್ಟ್ ಹೋದ ದಿನ ಅಣ್ಣನಿಗೆ ಈ ಆಫೀಸಿನಲ್ಲಿ ಕುರ್ಚಿಯಿಲ್ಲ. ಮನೆಯಲ್ಲಿ ಅವನಿಗಿರುವುದು ಕಿಟಕಿ, ಔಷಧಿ ಮತ್ತು ಅಮ್ಮನ ನಿಟ್ಟುಸಿರು. ಆದರೆ ಯಜಮಾನರು ಹೇಳಿದ್ದರಲ್ಲಿ ಸುಳ್ಳೇನಿತ್ತು? ಒಂದು ಅಕ್ಷರವೂ ಇರಲಿಲ್ಲ. ಸಂಕಟ ಅದೇ. ಅವರು ಕೆಟ್ಟವರಾಗಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಅಣ್ಣನಿಗೆ ಬಾಯಿ ಬಿಡದೆ ಕೆಲಸ ಶುರುಮಾಡಿದಳು. ಅವನ ಕುರ್ಚಿ ಅವಳ ಬೆನ್ನ ಹಿಂದೆಯೇ. ಅವನು ಈ ಕಡೆ ತಿರುಗಿದರೆ ಸಾಕು, ಕದ್ದು ಬೆಲ್ಲ ತಿನ್ನುವವಳಂತೆ ಪರದೆ ಬದಲಿಸುತ್ತಿದ್ದಳು. ಟೂಲನ್ನು ಇಳಿಸಿಕೊಂಡು, ಯಾವ ಫೈಲಿನಿಂದ ಶುರುಮಾಡಬೇಕು, ಗಂಟನ್ನು ಎಲ್ಲಿಡಬೇಕು ಎಂದು ಅದಕ್ಕೆ ಸೂಚನೆ ಕೊಡುವ ಕಾನ್ಫಿಗ್ ಫೈಲಿನಲ್ಲಿ ಬರೆದಳು. ಓಡಿಸಿದರೆ ಪರದೆ ತುಂಬ ಕೆಂಪು ಅಕ್ಷರದ ತಪ್ಪುಗಳು. ಇದೂ ವೆಬ್ ಪುಟದ ಕೆಲಸವೆಂದುಕೊಂಡು, ಡಿಸ್ಕಿನಲ್ಲಿರುವ ಫೈಲು ಓದುವುದು ಹೇಗೆಂದೇ ಗೊತ್ತಿಲ್ಲ ಎಂದು ಟೂಲ್ ಗೋಳಾಡುತ್ತಿತ್ತು.

"ಅಯ್ಯೋ ನಿನ್ನ, ಇದು ಬ್ರೌಸರಿಗಲ್ಲ ಕಣಪ್ಪಾ, ಸರ್ವರಿಗೆ" ಎಂದು ಗೊಣಗಿ ಆ ಒಂದು ಮಾತನ್ನೂ ಬರೆದಳು. ಬೇರೆಯವರು ಬರೆದಿಟ್ಟ ಸಿದ್ಧ ಪ್ಯಾಕೇಜುಗಳನ್ನು ಗಂಟಿಗೆ ಸೇರಿಸಬೇಡ, ಅವು ಸರ್ವರಿನಲ್ಲೇ ಇರುತ್ತವೆ ಎಂದೂ ಹೇಳಿದಳು. ಮತ್ತೆ ಓಡಿಸಿದಳು. ಕೀಲಿಯಿಂದ ಬೆರಳು ಎತ್ತುವಷ್ಟರಲ್ಲಿ ಮುಗಿದಿತ್ತು. ಒಂದು ತಪ್ಪಿಲ್ಲ, ಒಂದು ಎಚ್ಚರಿಕೆಯಿಲ್ಲ. ಕಸುಬಿನವಳಲ್ಲವೇ, ಮೊದಲು ಖುಷಿಯೇ ಆಯಿತು. ಆಮೇಲೆ ಹಿಂದಿನಿಂದ ಅಣ್ಣ ಕೆಮ್ಮಿದ್ದು ಕೇಳಿ ಪರದೆ ಬದಲಿಸಿದಳು.

ಪರೀಕ್ಷೆ ಮಾಡದೆ ಏನನ್ನೂ ಕೊಡಬಾರದು, ಅದು ಮೇಷ್ಟ್ರ ಕಟ್ಟುನಿಟ್ಟು. ಬಾಗಿಲ ಪಕ್ಕದ ಮೇಜಿನ ಮೇಲೆ ಗೋದಾಮಿನಲ್ಲಿರುವಂಥದೇ ಬಿಸಿ ಅಳೆಯುವ ಒಂದು ಸೆನ್ಸರ್ ಇತ್ತು, ಗೋಡೆಯ ಮೇಲೊಂದು ಗಂಟೆ. ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಬೆಚ್ಚಗೆ ಮಾಡಿದಳು. ಪರದೆಯ ಮೇಲೆ ಅಂಕಿ ಏರಿತು, ಅಪಾಯದ ಗೆರೆ ದಾಟಿತು. ಗಂಟೆ ಮಾತ್ರ ಜಪ್ಪಯ್ಯ ಅಂದರೂ ಹೊಡೆಯಲಿಲ್ಲ.

ಯಾಕೆಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಟೂಲ್ ಬಲು ಜಾಣ. ಯಾವ ಫೈಲು ಯಾವುದನ್ನು ಕರೆಯುತ್ತದೆ ಎಂದು ನೋಡಿಕೊಂಡು ಹೋಗುತ್ತದೆ, ಯಾರೂ ಕರೆಯದ್ದನ್ನು ಕಸವೆಂದು ಬಿಟ್ಟುಬಿಡುತ್ತದೆ. ಗಂಟೆ ಹೊಡೆಸುವ, ಫೋನು ಮಾಡುವ ಫೈಲುಗಳನ್ನು ಬೇರೆ ಯಾವ ಫೈಲೂ ನೇರವಾಗಿ ಕರೆಯುತ್ತಿರಲಿಲ್ಲ. ಆಯಾ ಗೋದಾಮಿನ ಸೆಟ್ಟಿಂಗಿನಲ್ಲಿ ಬರೆದ ಹೆಸರು ನೋಡಿ, ಬಿಸಿ ಏರಿದ ಮೇಲಷ್ಟೇ ಅವುಗಳನ್ನು ಹುಡುಕಿ ಎಬ್ಬಿಸುವ ಏರ್ಪಾಡು ಅಣ್ಣನದು. ಹಾಗಾಗಿ ಟೂಲ್ ಸದ್ದಿಲ್ಲದೆ ಆ ಫೈಲುಗಳಿದ್ದ ಅಲಾರಂ ಫೋಲ್ಡರನ್ನೇ ಕೈಬಿಟ್ಟಿತ್ತು. ಅದನ್ನೂ ಸೇರಿಸಿಕೋ ಎಂದು ಕಾನ್ಫಿಗ್ಗಿನಲ್ಲಿ ಒಂದು ಸಾಲು ಬರೆದರೆ ಮುಗಿಯಿತು.

ಆ ಸಾಲನ್ನು ಅವಳು ಬರೆಯಲಿಲ್ಲ. ನಾಚಿಕೆಯಾಗಬೇಕಿತ್ತು, ಆದರೆ ನಿಜ ಹೇಳಬೇಕೆಂದರೆ ಅವಳಿಗೆ ಹೋದ ಜೀವ ಬಂದಂತಾಯಿತು. ನೇರವಾಗಿ ಯಜಮಾನರ ಕೋಣೆಗೆ ಹೋದಳು.

"ಸರ್, ಈ ಟೂಲ್ ನಮಗೆ ಒಗ್ಗಲ್ಲ. ಅಲಾರಂ ಹೊಡೀತಿಲ್ಲ."

"ಸರಿ ಮಾಡೋಕೆ ಆಗಲ್ವಾ?"

"ಆಗಲ್ಲ ಸರ್. ನಮ್ಮ ಪ್ರೋಗ್ರಾಮಿನ ರೀತಿಯೇ ಬೇರೆ. ಹಳೇದೇ ಇರಲಿ."

ಯಜಮಾನರು ಮರುಮಾತಿಲ್ಲದೆ ನಂಬಿದರು. ಮೇಷ್ಟ್ರ ತಂಗಿ ಹೇಳಿದ ಮೇಲೆ ಮುಗಿಯಿತಲ್ಲ! ಆ ನಂಬಿಕೆಯೇ ಅವಳನ್ನು ಚುಚ್ಚಿತು. ಸಂಜೆ ಮನೆಯಲ್ಲಿ ಊಟದ ತಟ್ಟೆಯನ್ನು ಹಾಗೆಯೇ ಸರಿಸಿದಳು. "ಯಾಕೇ, ಮುಖ ಹೀಗೆ ಮಾಡ್ಕೊಂಡಿದೀಯ?" ಎಂದು ಅಮ್ಮ ಕೇಳಿದರೆ ತಲೆನೋವೆಂದಳು. ಎದುರಿಗೆ ಕೂತಿದ್ದ ಅಣ್ಣ ಅವಳನ್ನೇ ನೋಡುತ್ತಿದ್ದ. ಸೆನ್ಸರ್ ಹಿಡಿದು ನಿಂತವಳನ್ನು, ಹೊಡೆಯದ ಗಂಟೆಯನ್ನು ಅವನು ಹಗಲು ನೋಡಿರಲೇಬೇಕು.

ಮರುದಿನ ಅವಳು ನೀರಿನ ಬಾಟಲಿ ತುಂಬಿಕೊಂಡು ಬರುವಷ್ಟರಲ್ಲಿ ಅಣ್ಣ ಅವಳ ಕುರ್ಚಿಯಲ್ಲಿ ಕೂತಿದ್ದ. ಪರದೆಯ ಮೇಲೆ ಅವಳ ಕಾನ್ಫಿಗ್ ಫೈಲು.

"ಅಣ್ಣ, ಬಿಡು ಅದನ್ನ. ಏಳು."

ಅವನು ಏಳಲಿಲ್ಲ. ಒಂದು ಬೆರಳು, ಒಂದೊಂದೇ ಅಕ್ಷರ. ನಡುವೆ ತಪ್ಪಾದರೆ ಅಳಿಸಿ ಮತ್ತೆ ಶುರು. ಅವಳು ಬರೆಯದೆ ಬಿಟ್ಟ ಸಾಲು ಅದು. ತಡೆಯಬೇಕೆಂದು ಚಾಚಿದ ಅವಳ ಕೈ ಮುಂದೆ ಹೋಗಲಿಲ್ಲ.

"ಯಾಕೆ ಅಣ್ಣ ಹೀಗೆ ಮಾಡ್ತೀಯ? ಇದು ಬಂದ್ರೆ ನಿನಗೆ ಏನಾಗುತ್ತೆ ಗೊತ್ತಾ?" ಎಂದಳು ಪಿಸುದನಿಯಲ್ಲಿ.

"ಗೊ... ಗೊತ್ತು." ಸ್ವಲ್ಪ ಹೊತ್ತು ಪದಕ್ಕಾಗಿ ತಡಕಾಡಿದ. "ಕೆಲ್ಸದಲ್ಲಿ... ಸುಳ್ಳು... ನಾನು ಕಲಿಸಿದ್ನಾ?"

ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಅವನು ಬಿಲ್ಡ್ ಓಡಿಸಿದ. ಎದ್ದು ಮೇಜು ಹಿಡಿದುಕೊಂಡು ಹೋಗಿ ಸೆನ್ಸರನ್ನು ಎಡಮುಷ್ಟಿಯಲ್ಲಿ ಅಮುಕಿ ನಿಂತ. ಅಂಕಿ ಏರಿತು. ಗಂಟೆ ಹೊಡೆದುಕೊಂಡಿತು ನೋಡಿ, ಕೆಳಗಿನ ಟೈರ್ ಅಂಗಡಿಯವನು ಏನಾಯಿತೆಂದು ಕೂಗಿ ಕೇಳುವಷ್ಟು.

ಯಜಮಾನರು ಹೊರಗೆ ಓಡಿಬಂದರು. "ಅರೆ, ಆಗಲ್ಲ ಅಂದಿದ್ದೆಯಲ್ಲಮ್ಮಾ!"

ಸುಳ್ಳು ಈಗ ಎಲ್ಲರೆದುರು ಬಯಲಾಗುತ್ತದೆ, ಆಗಲಿ ಎಂದುಕೊಂಡಳು. ಅಷ್ಟರಲ್ಲಿ ಅಣ್ಣ ಎಡಗೈ ಎತ್ತಿದ.

"ತಂಗಿ... ಮಾಡಿದ್ದು. ಇವತ್ತು... ಆಯ್ತು."

"ಭೇಷ್! ಮೇಷ್ಟ್ರ ತಂಗಿ ಅಂದ್ರೆ ಸುಮ್ನೇನಾ!" ಯಜಮಾನರು ನಿಜವಾದ ಸಂತೋಷದಿಂದಲೇ ಹೇಳಿದರು. ಉಳಿದವರೂ ಸುತ್ತ ಸೇರಿದರು, ಮತ್ತೊಮ್ಮೆ ಓಡಿಸು ನೋಡೋಣ ಎಂದರು. ಓಡಿಸಿದಳು. ಚಹಾಕ್ಕೆ ಹೋಗಲೂ ಬಿಡಲ್ಲವಲ್ಲ ಇದು ಎಂದು ಯಾರೋ ನಗೆಯಾಡಿದರು. ಹಾಗಾದರೆ ಹಳೆಯದನ್ನು ತೆಗೆದುಬಿಡಬಹುದಲ್ಲ ಎಂದು ಯಜಮಾನರು ಕೇಳಿದಾಗ ಅವಳು ಅಣ್ಣನ ಕಡೆ ನೋಡಿದಳು. ಅವನು ಹೂಂ ಎಂದು ತಲೆಯಾಡಿಸಿದ. ತೆಗೆದಳು. ಅಷ್ಟು ವರ್ಷದ ಸ್ಕ್ರಿಪ್ಟು ಹೋಗಲು ಹೊಸ ಬಿಲ್ಡಿಗೆ ಬೇಕಾದಷ್ಟು ಹೊತ್ತೂ ಬೇಕಾಗಲಿಲ್ಲ.

ಜನ ಚದುರಿದರು. ಅಣ್ಣ ತನ್ನ ಕುರ್ಚಿಗೆ ಮರಳಲಿಲ್ಲ. ಮೇಜಿನ ಮೇಲಿದ್ದ ಕನ್ನಡಕದ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟ.

"ಇರು ಅಣ್ಣ, ನಾನೂ ಬರ್ತೀನಿ."

"ಬೇಡ. ನಿಂಗೆ... ಕೆಲ್ಸ ಇದೆ."

ಅಲ್ಲಿಯವರೆಗೆ ತಡೆದುಕೊಂಡಿದ್ದವಳಿಗೆ ಇನ್ನು ಆಗಲಿಲ್ಲ. ಆಫೀಸು ಕೇಳಲಿ ಬಿಡಲಿ, ಗಟ್ಟಿಯಾಗಿಯೇ ಕೂಗಿದಳು: "ಮನೇಲಿ ಏನು ಮಾಡ್ತೀಯ ಅಣ್ಣ? ಬೆಳಗ್ಗಿಂದ ಸಂಜೆ ತನಕ ಏನು ಮಾಡ್ತೀಯ, ಹೇಳು!"

ಅಣ್ಣ ನಿಂತು ಅವಳ ಕಡೆ ತಿರುಗಿದ. ಉತ್ತರ ಕೊಡಲು ಬಾಯಿ ತೆರೆದ. ತುಟಿ ಅಲುಗಿತು, ಹಣೆ ಗಂಟಿಕ್ಕಿತು. ಪದ ಸಿಗದಿದ್ದಾಗ ಕಾಯಬೇಕು, ಆತುರಪಡಿಸಬಾರದು ಎಂದು ವೈದ್ಯರು ಹೇಳಿದ್ದರಿಂದ ಅವಳು ಕಾದಳು. ಎಲ್ಲರೂ ಕಾದರು. ಎಷ್ಟು ಕಾದರೂ ಅವನಿಗೆ ಹೇಳಲು ಏನೂ ಸಿಗಲಿಲ್ಲ.